30, 70, 286, 646… ನಿಮ್ಮ ಸರಣಿ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಸರ್, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಗಣಿತ ಹವ್ಯಾಸ ಅಷ್ಟೇ. ಸಂಖ್ಯೆಗಳನ್ನು ಅವಿಭಾಜ್ಯಗಳಾಗಿ ಒಡೆದು, ಯಾವುದೋ ಷರತ್ತು ಇಟ್ಟು ಸರಣಿ ಕಟ್ಟುವುದನ್ನು ಅಲ್ಲಲ್ಲಿ ನೋಡಿದ್ದೇನೆ. ನಾನೂ ಒಂದು ಕಟ್ಟಿದೆ. ಮೂರು ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ ಆಗಿರಬೇಕು, ಅವುಗಳಲ್ಲಿ ದೊಡ್ಡದು ಉಳಿದೆರಡರ ಮೊತ್ತ ಆಗಿರಬೇಕು. 30, 70, 286, 646, 1798 ಸಿಕ್ಕವು. ಇದು ಎಲ್ಲಾದರೂ ಮುಗಿಯುತ್ತದಾ? ಇಂಥ ಸರಣಿಗಳಿಗೆ ನಿಜಕ್ಕೂ ಬೆಲೆ ಇದೆಯಾ, ಅಥವಾ ಯಾರು ಬೇಕಾದರೂ ಸುಮ್ನೆ ಷರತ್ತು ಹಾಕಿ ಮಾಡಿಕೊಳ್ಳುವ ಪಟ್ಟಿಗಳಾ?

ಉತ್ತರ: ಬೆಲೆಯ ಮಾತು ಆಮೇಲೆ. ಮೊದಲು ನಿಮ್ಮ ಸರಣಿಯನ್ನೇ ಬಿಡಿಸಿ ನೋಡೋಣ, ಯಾಕೆಂದರೆ ಅದರೊಳಗೆ ನೀವು ಅಂದುಕೊಂಡದ್ದಕ್ಕಿಂತ ತುಂಬಾ ದೊಡ್ಡ ವಿಷಯ ಇದೆ.

30 ಅಂದರೆ 2×3×5. 70 ಅಂದರೆ 2×5×7. 286 ಅಂದರೆ 2×11×13. ಮುಂದಿನವು 2×17×19 ಮತ್ತು 2×29×31. ಐದರಲ್ಲೂ 2 ಇದೆ ಅಲ್ವಾ? ಇರಲೇಬೇಕು. ಮೂರೂ ಬೆಸವಾಗಿದ್ದರೆ ಚಿಕ್ಕವೆರಡನ್ನು ಕೂಡಿದಾಗ ಸಮಸಂಖ್ಯೆ ಬರುತ್ತದೆ, ಆದರೆ ದೊಡ್ಡದು ಬೆಸ. ಹಾಗಾಗಿ ಮೂರರಲ್ಲಿ ಒಂದು 2 ಆಗದೆ ಬೇರೆ ದಾರಿಯಿಲ್ಲ. ಒಂದು 2 ಆಯಿತು ಅಂದರೆ ಉಳಿದೆರಡರ ನಡುವಿನ ಅಂತರವೂ 2 ಆಗಿಬಿಡುತ್ತದೆ. 3 ಮತ್ತು 5, 5 ಮತ್ತು 7, 11 ಮತ್ತು 13, 17 ಮತ್ತು 19, 29 ಮತ್ತು 31. ಇವು ಅವಳಿ ಅವಿಭಾಜ್ಯಗಳು. ನೀವು ಬರೆದದ್ದು ಅವಳಿಗಳ ಪಟ್ಟಿಯೇ, ಬೇರೆ ವೇಷದಲ್ಲಿ. ಮುಂದಿನದು 2×41×43, ಅಂದರೆ 3526. ಅದರ ನಂತರ 7198, ಆಮೇಲೆ 10366. ಬೇಕಿದ್ದರೆ ಇನ್ನೊಂದು ಗುರುತು ನೋಡಿ: ನಿಮ್ಮ ಸಂಖ್ಯೆಯ ಅರ್ಧಕ್ಕೆ 1 ಸೇರಿಸಿದರೆ ಪ್ರತಿ ಸಲವೂ ಪೂರ್ಣ ವರ್ಗ ಬರುತ್ತದೆ. 286ರ ಅರ್ಧ 143, ಒಂದು ಸೇರಿಸಿದರೆ 144, ಅದು 12ರ ವರ್ಗ. ಅವಳಿಗಳ ಮಧ್ಯೆ ಕೂತ ಸಂಖ್ಯೆಯ ವರ್ಗ ಅದು.

ಈಗ "ಮುಗಿಯುತ್ತದಾ" ಎಂಬ ಪ್ರಶ್ನೆಗೆ ಉತ್ತರ: ಯಾರಿಗೂ ಗೊತ್ತಿಲ್ಲ. ಅವಳಿ ಅವಿಭಾಜ್ಯಗಳು ಅನಂತವಾಗಿವೆಯೇ ಎಂಬುದು ಇವತ್ತಿಗೂ ಬಗೆಹರಿಯದ ಪ್ರಶ್ನೆ. ಅನಂತ ಅಂತ ಹೆಚ್ಚುಕಡಿಮೆ ಎಲ್ಲ ಗಣಿತಜ್ಞರೂ ನಂಬುತ್ತಾರೆ, ಆದರೆ ಸಾಧನೆ, ಅಂದರೆ ಗಣಿತದ ಪುರಾವೆ, ಇಲ್ಲ. ಹತ್ತಿರ ಹೋದವರು ಇದ್ದಾರೆ. ಚೀನಾದ ಚೆನ್ ಜಿಂಗ್‌ರುನ್ 1973ರಲ್ಲಿ ಪ್ರಕಟಿಸಿದ ಸಾಧನೆ ನಿಮ್ಮ ಭಾಷೆಯಲ್ಲೇ ಇದೆ: ಒಂದು ಅವಿಭಾಜ್ಯಕ್ಕೆ 2 ಸೇರಿಸಿದಾಗ ಬರುವ ಸಂಖ್ಯೆಯಲ್ಲಿ ಹೆಚ್ಚೆಂದರೆ ಎರಡೇ ಅವಿಭಾಜ್ಯ ಅಪವರ್ತನ ಇರುವ ಸಂದರ್ಭಗಳು ಅನಂತ. "ಹೆಚ್ಚೆಂದರೆ ಎರಡು" ಅನ್ನುವುದನ್ನು "ಒಂದೇ" ಅಂತ ಮಾಡಿದರೆ ಅವಳಿ ಪ್ರಶ್ನೆ ಮುಗಿದಂತೆ. ಆ ಒಂದು ಹೆಜ್ಜೆ ಐವತ್ತು ವರ್ಷವಾದರೂ ಯಾರಿಗೂ ಇಡಲು ಆಗಿಲ್ಲ.

ಇಲ್ಲಿಗೇ ನಿಲ್ಲಬೇಡಿ. ನಿಮ್ಮ ಷರತ್ತನ್ನು ಒಂದೇ ಒಂದು ಚೂರು ಬದಲಿಸಿ ನೋಡಿ. ಮೂರರ ಬದಲು ನಾಲ್ಕು ಬೇರೆ ಬೇರೆ ಅವಿಭಾಜ್ಯಗಳು ಇರಲಿ, ದೊಡ್ಡದು ಉಳಿದ ಮೂರರ ಮೊತ್ತ ಆಗಲಿ. ಈಗ 2 ಬರುವಂತೆಯೇ ಇಲ್ಲ, ಬಂದರೆ ಸಮ-ಬೆಸದ ಲೆಕ್ಕ ಕೆಡುತ್ತದೆ. 3+5+7 ಅಂದರೆ 15, ಅದು ಅವಿಭಾಜ್ಯ ಅಲ್ಲ. 3+5+11 ಅಂದರೆ 19, ಸರಿಹೋಯಿತು. ಹಾಗಾಗಿ ಸರಣಿ 3×5×11×19, ಅಂದರೆ 3135ರಿಂದ ಶುರುವಾಗುತ್ತದೆ. ನೋಡಲು ಇದು ಮೊದಲಿನದಕ್ಕಿಂತ ಜಾಸ್ತಿ ತೊಡಕಿನದು. ಆದರೆ ಇದು ಅನಂತ ಎಂದು ಸಾಧಿಸಿ ಆಗಿದೆ! ರಷ್ಯಾದ ಇವಾನ್ ವಿನೊಗ್ರಾದೊವ್ 1937ರಲ್ಲಿ ತೋರಿಸಿದ್ದು ಇದು: ಸಾಕಷ್ಟು ದೊಡ್ಡದಾದ ಯಾವುದೇ ಬೆಸ ಸಂಖ್ಯೆಯನ್ನು ಮೂರು ಅವಿಭಾಜ್ಯಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೆರಡಲ್ಲ, ಬಹಳ ರೀತಿಗಳಲ್ಲಿ. ಆ ರೀತಿಗಳಲ್ಲಿ ಒಂದೇ ಅವಿಭಾಜ್ಯ ಎರಡು ಸಲ ಬರುವಂಥವು ತೀರಾ ಕಡಿಮೆ. ದೊಡ್ಡ ಅವಿಭಾಜ್ಯ ಸಂಖ್ಯೆಗಳೂ ಬೆಸ ಸಂಖ್ಯೆಗಳೇ ತಾನೇ? ಆದ್ದರಿಂದ ಪ್ರತಿಯೊಂದು ದೊಡ್ಡ ಅವಿಭಾಜ್ಯವೂ ನಿಮ್ಮ ಹೊಸ ಸರಣಿಗೆ ಕನಿಷ್ಠ ಒಂದು ಸಂಖ್ಯೆಯನ್ನಾದರೂ ಕೊಡುತ್ತದೆ. ಐದು ಅವಿಭಾಜ್ಯ ತೆಗೆದುಕೊಂಡರೆ ಮತ್ತೆ 2 ಬೇಕೇ ಬೇಕು, ಆದರೆ ದೊಡ್ಡದರಿಂದ 2 ಕಳೆದು ಉಳಿದದ್ದನ್ನು ಮೂರು ಅವಿಭಾಜ್ಯಗಳಾಗಿ ಒಡೆಯಬಹುದು, ಅದೇ ಪ್ರಮೇಯ ಸಾಕು.

ಅಂದರೆ ಮೂರು ಅಪವರ್ತನದ ಸರಣಿ ಮಾತ್ರ ಸಿಕ್ಕಿಹಾಕಿಕೊಂಡಿದೆ, ನಾಲ್ಕು ಐದರದ್ದು ಸಲೀಸು. ಮೂರರಲ್ಲಿ ಒಂದು ಅವಿಭಾಜ್ಯ ಹಿಡಿದ ತಕ್ಷಣ ಉಳಿದದ್ದೆಲ್ಲ ನಿಗದಿಯಾಗಿಬಿಡುತ್ತದೆ, ಆಯ್ಕೆಗೆ ಜಾಗವೇ ಇಲ್ಲ. ನಾಲ್ಕರಲ್ಲಿ ಕೈಯಾಡಿಸಲು ಜಾಗ ಇದೆ, ಆ ಜಾಗದಲ್ಲಿ ವಿನೊಗ್ರಾದೊವ್ ಅವರ ವಿಧಾನ ಕೆಲಸ ಮಾಡುತ್ತದೆ.

ಈಗ ಬೆಲೆಯ ಮಾತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅವಿಭಾಜ್ಯ ಅಪವರ್ತನಗಳ ಮೇಲೆ ಕಟ್ಟಿದ ಸರಣಿಯನ್ನು ತೂಗಲು ನಾನು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಕೂಡುವುದಕ್ಕೂ ಗುಣಿಸುವುದಕ್ಕೂ ಮುಖಾಮುಖಿ ಆಗುತ್ತದಾ? ಅವಿಭಾಜ್ಯಗಳು ಗುಣಾಕಾರದಿಂದ ಹುಟ್ಟಿದ ವಿಷಯ. ಅಲ್ಲಿಗೆ ಒಂದು ಚಿಕ್ಕ "ಕೂಡು" ಬಂದರೂ ಸಾಕು, ಪ್ರಶ್ನೆ ಕಷ್ಟವಾಗುತ್ತದೆ, ಚೆನ್ನಾಗೂ ಆಗುತ್ತದೆ.

ಗುಣಾಕಾರ ಮಾತ್ರ ಇರುವ ಸರಣಿಗಳು ಸಾಮಾನ್ಯವಾಗಿ ಹೇಳಿದ ಮಾತು ಕೇಳುತ್ತವೆ. ಯಾವ ಅವಿಭಾಜ್ಯವೂ ಎರಡು ಸಲ ಬರದ ಸಂಖ್ಯೆಗಳನ್ನು ತೆಗೆದುಕೊಳ್ಳಿ: 1, 2, 3, 5, 6, 7, 10, 11… ನೂರರೊಳಗೆ ಇಂಥವು 61 ಇವೆ. ಮುಂದೆ ಹೋದಂತೆ ಈ ಪ್ರಮಾಣ, 6ನ್ನು ಪೈ ವರ್ಗದಿಂದ ಭಾಗಿಸಿದರೆ ಎಷ್ಟು ಬರುತ್ತದೋ ಅಲ್ಲಿಗೆ, ಅಂದರೆ ಸುಮಾರು 0.608ಕ್ಕೆ ಹೋಗಿ ನಿಲ್ಲುತ್ತದೆ. 2, 3, 5 ಬಿಟ್ಟು ಬೇರೆ ಅವಿಭಾಜ್ಯವೇ ಇಲ್ಲದ ಸಂಖ್ಯೆಗಳು ಇನ್ನೊಂದು ಉದಾಹರಣೆ: 1, 2, 3, 4, 5, 6, 8, 9, 10, 12, 15… ನೂರರೊಳಗೆ 34, ಸಾವಿರದೊಳಗೆ 86, ಹತ್ತು ಲಕ್ಷದೊಳಗೆ ಬರೀ 507. ಎಷ್ಟು ಬೇಗ ವಿರಳವಾಗುತ್ತವೆ ನೋಡಿ. ಇವಕ್ಕೆ ಬಹಳ ಹಳೆಯ ಇತಿಹಾಸ ಇದೆ. ಬ್ಯಾಬಿಲೋನಿಯಾದವರು 60ರ ಮಾನದಲ್ಲಿ ಲೆಕ್ಕ ಮಾಡುತ್ತಿದ್ದರು, ಮಣ್ಣಿನ ಹಲಗೆಗಳ ಮೇಲೆ ವಿಲೋಮಗಳ ಪಟ್ಟಿ, ಅಂದರೆ ಒಂದನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಅರವತ್ತನೇ ಭಾಗ ಬರುತ್ತದೆ ಅನ್ನುವುದನ್ನು, ಬರೆದಿಟ್ಟುಕೊಳ್ಳುತ್ತಿದ್ದರು. 2ಕ್ಕೆ 30, 3ಕ್ಕೆ 20, 4ಕ್ಕೆ 15, 5ಕ್ಕೆ 12, 6ಕ್ಕೆ 10, ಆಮೇಲೆ ನೇರ 8. ನಡುವೆ 7 ಇಲ್ಲ, ಯಾಕೆಂದರೆ ಒಂದನ್ನು ಏಳರಿಂದ ಭಾಗಿಸಿದರೆ 60ರ ಮಾನದಲ್ಲಿ ಅದು ಮುಗಿಯುವುದೇ ಇಲ್ಲ.

ಇದೇ ಸರಣಿಗೆ ಒಂದು ಕೂಡುವ ಪ್ರಶ್ನೆ ಹಾಕಿ. ಪಕ್ಕಪಕ್ಕದ ಎರಡು ಸಂಖ್ಯೆಗಳು, ಎರಡರಲ್ಲೂ 2, 3, 5 ಬಿಟ್ಟು ಬೇರೇನೂ ಇಲ್ಲ, ಇಂಥ ಜೋಡಿಗಳು ಎಷ್ಟು? 1-2, 2-3, 3-4, 4-5, 5-6, 8-9, 9-10, 15-16, 24-25, 80-81. ಹತ್ತೇ ಹತ್ತು. 81ರ ನಂತರ ಎಷ್ಟು ದೂರ ಹೋದರೂ ಇನ್ನೊಂದು ಜೋಡಿ ಸಿಗುವುದಿಲ್ಲ. ನಾರ್ವೆಯ ಕಾರ್ಲ್ ಸ್ಟೋರ್ಮರ್ 1897ರಲ್ಲಿ ಸಾಧಿಸಿದ್ದು ಇದು. ಆಮೇಲೆ ಧ್ರುವಪ್ರಭೆಯ ಅಧ್ಯಯನಕ್ಕೆ ಹೆಸರಾದವರೂ ಇವರೇ. ಯಾವುದೇ ಕೆಲವು ಅವಿಭಾಜ್ಯಗಳನ್ನು ಹಿಡಿದುಕೊಳ್ಳಿ, ಅವುಗಳಿಂದಷ್ಟೇ ಆದ ಪಕ್ಕಪಕ್ಕದ ಜೋಡಿಗಳಿಗೆ ಕೊನೆ ಇದ್ದೇ ಇರುತ್ತದೆ. 7ನ್ನೂ ಸೇರಿಸಿಕೊಂಡರೆ ಕೊನೆಯ ಜೋಡಿ 4374 ಮತ್ತು 4375. ಒಡೆದು ನೋಡಿ: ಒಂದರಲ್ಲಿ 2ರ ಜೊತೆ ಏಳು ಸಲ 3, ಇನ್ನೊಂದರಲ್ಲಿ ನಾಲ್ಕು ಸಲ 5 ಮತ್ತು ಒಂದು 7.

80-81 ಕೊನೆಯ ಜೋಡಿ ಅನ್ನುವುದು ಸಂಗೀತದವರಿಗೆ ಬೇರೆ ದಾರಿಯಿಂದ ಪರಿಚಯ. ಕಂಪನದ ಲೆಕ್ಕದಲ್ಲಿ ಷಡ್ಜಕ್ಕೆ ಪಂಚಮ 3/2, ಅಂತರ ಗಾಂಧಾರ 5/4. ಪಂಚಮದ ಹೆಜ್ಜೆಯಲ್ಲೇ ನಾಲ್ಕು ಸಲ ಮೇಲೆ ಹೋಗಿ ಎರಡು ಸ್ಥಾಯಿ ಕೆಳಗಿಳಿದರೂ ಗಾಂಧಾರದ ಹತ್ತಿರ ಬರುತ್ತೀರಿ, ಆದರೆ ಸಿಗುವುದು 81/64. ತಂಬೂರಿ ಚೆನ್ನಾಗಿ ಶ್ರುತಿಯಾಗಿದ್ದಾಗ ತಾನಾಗಿ ಕೇಳುವ ಗಾಂಧಾರ 5/4, ಅಂದರೆ 80/64. ಇವೆರಡರ ನಡುವಿನ ಕೂದಲೆಳೆ ಅಂತರ 81/80. ಮೇಲಿನ ಹತ್ತು ಜೋಡಿಗಳನ್ನು ಭಿನ್ನರಾಶಿಯಾಗಿ ಬರೆದುಕೊಳ್ಳಿ, ಸ್ವರಗಳ ಲೆಕ್ಕ ಓದಿದವರಿಗೆ ಅಲ್ಲಿ ಪರಿಚಿತ ಮುಖಗಳೇ ಕಾಣುತ್ತವೆ: 3/2, 4/3, 5/4, 6/5, 9/8, 10/9, 16/15. ಈ ಮೂರು ಅವಿಭಾಜ್ಯಗಳಷ್ಟರಿಂದ, ಪಕ್ಕಪಕ್ಕದ ಸಂಖ್ಯೆಗಳ ಅನುಪಾತವಾಗಿ, 81/80ಕ್ಕಿಂತ ಚಿಕ್ಕ ಅಂತರ ಮಾಡಲು ಸಾಧ್ಯವೇ ಇಲ್ಲ. ಸ್ಟೋರ್ಮರ್ ಪ್ರಮೇಯ ಅದನ್ನೇ ಹೇಳುತ್ತದೆ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಜಾಗ ಇದು.

ಕೂಡುವುದೂ ಗುಣಿಸುವುದೂ ಎದುರಾಗುವ ಇನ್ನೊಂದು ಪ್ರಸಿದ್ಧ ಸರಣಿ 5, 8, 15, 77, 125, 714, 948… ಅಮೆರಿಕದ ಬೇಸ್‌ಬಾಲ್ ಆಟಗಾರ ಹ್ಯಾಂಕ್ ಆರನ್ 1974ರ ಏಪ್ರಿಲ್ 8ರಂದು ತಮ್ಮ 715ನೇ ಹೋಮ್ ರನ್ ಹೊಡೆದರು, ಅಲ್ಲಿಯವರೆಗೆ ಬೇಬ್ ರೂತ್ ಅವರ ದಾಖಲೆ 714 ಇತ್ತು. ಆಗ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಯುವ ಅಧ್ಯಾಪಕರಾಗಿದ್ದ ಕಾರ್ಲ್ ಪೊಮರನ್ಸ್ ಮತ್ತು ಸಂಗಡಿಗರು ಈ ಎರಡು ಸಂಖ್ಯೆಗಳನ್ನು ಒಡೆದು ನೋಡಿದರು. 714 ಅಂದರೆ 2×3×7×17. 715 ಅಂದರೆ 5×11×13. ಎರಡನ್ನೂ ಗುಣಿಸಿದರೆ ಮೊದಲ ಏಳು ಅವಿಭಾಜ್ಯಗಳ ಗುಣಲಬ್ಧ 510510 ಸರಿಯಾಗಿ ಬರುತ್ತದೆ, ಒಂದೂ ಬಿಡದೆ, ಒಂದೂ ಎರಡು ಸಲ ಬರದೆ. ಅದರ ಮೇಲೆ ಇನ್ನೊಂದು: 2+3+7+17 ಅಂದರೆ 29, 5+11+13 ಅಂದರೂ 29. ಹೀಗೆ ಪಕ್ಕಪಕ್ಕದ ಎರಡರ ಅಪವರ್ತನ ಮೊತ್ತ ಸಮವಾದರೆ ಅದು ರೂತ್-ಆರನ್ ಜೋಡಿ. 8 ಮತ್ತು 9 ಕೂಡ ಹಾಗೆಯೇ: 2+2+2 ಮತ್ತು 3+3. ಇಂಥ ಜೋಡಿಗಳು ಬಹಳ ಅಪರೂಪ ಎಂದು ಹಂಗೇರಿಯ ಪಾಲ್ ಎರ್ಡಿಶ್ ಮತ್ತು ಪೊಮರನ್ಸ್ ಸೇರಿ 1978ರ ಪ್ರಬಂಧದಲ್ಲಿ ಸಾಧಿಸಿದರು, ಅವರಿಬ್ಬರ ದೀರ್ಘ ಒಡನಾಟ ಶುರುವಾದದ್ದೇ ಈ ಪ್ರಶ್ನೆಯಿಂದ. ಅಪರೂಪ ಅನ್ನುವುದು ಗೊತ್ತು, ಅನಂತವೇ ಅನ್ನುವುದು ಇನ್ನೂ ಗೊತ್ತಿಲ್ಲ. ನಿಮ್ಮ ಸರಣಿಯ ಸ್ಥಿತಿಯೇ.

ಹೋಲಿಸಲು ಸ್ಮಿತ್ ಸಂಖ್ಯೆಗಳನ್ನು ನೋಡಿ: 4, 22, 27, 58, 85, 94, 121… ಸಂಖ್ಯೆಯ ಅಂಕಿಗಳ ಮೊತ್ತ ಅದರ ಅವಿಭಾಜ್ಯ ಅಪವರ್ತನಗಳ ಅಂಕಿಗಳ ಮೊತ್ತಕ್ಕೆ ಸಮ. 85 ಅಂದರೆ 5×17. 8+5 ಅಂದರೆ 13, 5+1+7 ಅಂದರೂ 13. ಆಲ್ಬರ್ಟ್ ವಿಲಾನ್ಸ್ಕಿ ಎಂಬ ಗಣಿತಜ್ಞರು ತಮ್ಮ ಸಂಬಂಧಿಯೊಬ್ಬರ ಫೋನ್ ನಂಬರಿನಲ್ಲಿ ಈ ಗುಣ ಕಂಡು 1982ರಲ್ಲಿ ಹೆಸರಿಟ್ಟರು. ಮಕ್ಕಳಿಗೆ ಹೇಳಿಕೊಡಲು ತುಂಬಾ ಚೆನ್ನ, ಶಾಲೆಯಲ್ಲಿ ಅಪವರ್ತನ ಮಾಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ. ಆದರೆ ಅಂಕಿಗಳ ಮೊತ್ತ ಅನ್ನುವುದು ನಾವು ಹತ್ತರ ಮಾನದಲ್ಲಿ ಬರೆಯುವುದರಿಂದ ಬಂದದ್ದು. ಬ್ಯಾಬಿಲೋನಿಯಾದವರು ಅರವತ್ತರಲ್ಲಿ ಬರೆದರೆ ಬೇರೆಯೇ ಪಟ್ಟಿ ಬರುತ್ತದೆ. ನಿಮ್ಮ 286 ಯಾವ ಮಾನದಲ್ಲಿ ಬರೆದರೂ ನಿಮ್ಮ ಸರಣಿಯಲ್ಲೇ ಇರುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ನಿಮ್ಮ ಸರಣಿಗೇ ತೂಕ ಜಾಸ್ತಿ.

ಉಪಯೋಗದ ಬಗ್ಗೆಯೂ ಚುಟುಕಾಗಿ ಹೇಳಿಬಿಡುತ್ತೇನೆ, ಬ್ಯಾಂಕಿನವರು ನೀವು. ಆನ್‌ಲೈನ್ ವ್ಯವಹಾರಗಳ ರಕ್ಷಣೆಗೆ ಬಳಸುವ ಆರ್‌ಎಸ್‌ಎ ವಿಧಾನ ನಿಂತಿರುವುದು ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಒಡೆಯುವುದು ಕಷ್ಟ ಅನ್ನುವುದರ ಮೇಲೆ. ಅಂಥ ಸಂಖ್ಯೆಗಳನ್ನು ಒಡೆಯಲು ಪೊಮರನ್ಸ್ ಅವರೇ 1981ರಲ್ಲಿ ಒಂದು ಪ್ರಬಲ ವಿಧಾನ ಕೊಟ್ಟರು, ಅದರ ಜೀವಾಳ ಚಿಕ್ಕ ಅವಿಭಾಜ್ಯಗಳಿಂದಷ್ಟೇ ಆದ ಸಂಖ್ಯೆಗಳನ್ನು ಹುಡುಕುವುದು. ಮೇಲೆ ಹೇಳಿದ 2, 3, 5ರ ಸರಣಿಯ ದೊಡ್ಡಣ್ಣಂದಿರು ಅವು. ಎಷ್ಟು ಹುಡುಕಿದರೆ ಎಷ್ಟು ಸಿಗುತ್ತವೆ ಅನ್ನುವ ಎಣಿಕೆ ಗೊತ್ತಿರುವುದರಿಂದಲೇ ಒಂದು ಸಂಖ್ಯೆ ಒಡೆಯಲು ಎಷ್ಟು ಸಮಯ ಬೇಕು ಅಂತ ಅಂದಾಜು ಮಾಡಲು ಆಗುವುದು.

ನೀವು ಕಂಪ್ಯೂಟರ್‌ನಲ್ಲಿ ಮುಂದುವರಿಸುವುದಾದರೆ ಒಂದು ಮಾತು. ಪ್ರತಿ ಸಂಖ್ಯೆಯನ್ನೂ ಬೇರೆಯಾಗಿ ಒಡೆಯಲು ಹೋಗಬೇಡಿ. ಒಂದು ಕೋಟಿವರೆಗಿನ ಪ್ರತಿ ಸಂಖ್ಯೆಗೂ ಅದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ ಯಾವುದು ಅಂತ ಒಂದೇ ಸಲ ಜರಡಿ ಹಿಡಿದು ಪಟ್ಟಿ ಮಾಡಿಟ್ಟುಕೊಳ್ಳಿ. ಆಮೇಲೆ ಯಾವ ಸಂಖ್ಯೆಯನ್ನಾದರೂ ಆ ಪಟ್ಟಿ ನೋಡಿ ಭಾಗಿಸುತ್ತಾ ಹೋದರೆ ಕೆಲವೇ ಹೆಜ್ಜೆಗೆ ಮುಗಿಯುತ್ತದೆ. ಅಪವರ್ತನಗಳು ಹೆಚ್ಚಿರುತ್ತವೆ ಅನ್ನುವ ಭಯವೂ ಬೇಡ. ಹಾರ್ಡಿ ಮತ್ತು ರಾಮಾನುಜನ್ 1917ರಲ್ಲಿ ತೋರಿಸಿದಂತೆ ಬಹುಪಾಲು ಸಂಖ್ಯೆಗಳಲ್ಲಿ ಬೇರೆ ಬೇರೆ ಅವಿಭಾಜ್ಯಗಳು ತೀರಾ ಕಡಿಮೆ. ನೂರು ಅಂಕಿಯ ಸಂಖ್ಯೆಯಲ್ಲೂ ಸಾಮಾನ್ಯವಾಗಿ ಐದಾರರ ಆಸುಪಾಸು. ಮೊದಲ ಐದಾರು ಪದ ಸಿಕ್ಕ ಮೇಲೆ ನೀಲ್ ಸ್ಲೋನ್ 1964ರಲ್ಲಿ ಶುರುಮಾಡಿದ ಪೂರ್ಣಾಂಕ ಸರಣಿಗಳ ವಿಶ್ವಕೋಶದಲ್ಲಿ ಹುಡುಕಿ. ಈಗ ಅದು ಆನ್‌ಲೈನ್‌ನಲ್ಲಿದೆ, ಮೂರೂವರೆ ಲಕ್ಷಕ್ಕೂ ಹೆಚ್ಚು ಸರಣಿಗಳಿವೆ. ಬೇರೆ ಯಾರೋ ಬೇರೆ ದಾರಿಯಿಂದ ಅದೇ ಸಂಖ್ಯೆಗಳಿಗೆ ಬಂದಿದ್ದರೆ ಅಲ್ಲೇ ತಿಳಿಯುತ್ತದೆ, ನಿಮ್ಮ ಸರಣಿಗೆ ಅವಳಿಗಳ ಜೊತೆ ಇರುವ ನಂಟಿನಂತೆ.

ಆದರೆ ಒಂದು ಕೋಟಿವರೆಗೆ ನೋಡಿದೆ, ಹಾಗಾಗಿ ಇದು ಯಾವಾಗಲೂ ನಿಜ ಅಂತ ಮಾತ್ರ ಹೇಳಬೇಡಿ. ಜಾರ್ಜ್ ಪೋಲ್ಯಾ 1919ರಲ್ಲಿ ಒಂದು ಊಹೆ ಮುಂದಿಟ್ಟರು. ಅಪವರ್ತನಗಳನ್ನು ಮರುಕಳಿಕೆ ಸೇರಿಸಿ ಎಣಿಸಿ, ಎಣಿಕೆ ಬೆಸ ಬಂದವು ಒಂದು ಗುಂಪು, ಸಮ ಬಂದವು ಇನ್ನೊಂದು ಗುಂಪು. 1ರಿಂದ ಎಣಿಸುತ್ತಾ (1ರಲ್ಲಿ ಅಪವರ್ತನ ಸೊನ್ನೆ, ಅದು ಸಮ ಗುಂಪಿಗೆ) 2ರಲ್ಲಿ ಅಥವಾ ಅದರ ಮುಂದೆ ಎಲ್ಲಿ ನಿಲ್ಲಿಸಿದರೂ ಬೆಸ ಗುಂಪು ಕಡಿಮೆ ಬೀಳುವುದಿಲ್ಲ ಎಂಬುದು ಊಹೆ. ನೂರಕ್ಕೆ ನೋಡಿ, ಲಕ್ಷಕ್ಕೆ ನೋಡಿ, ಕೋಟಿಗೆ ನೋಡಿ, ನಿಜವೇ. 1958ರಲ್ಲಿ ಹ್ಯಾಸೆಲ್‌ಗ್ರೋವ್ ಇದು ಎಲ್ಲೋ ಒಂದು ಕಡೆ ತಪ್ಪಲೇಬೇಕು ಎಂದು ಸಾಧಿಸಿದರು. ಮೊದಲು ತಪ್ಪುವ ಜಾಗ 906150257, ಅಂದರೆ ತೊಂಬತ್ತು ಕೋಟಿ ದಾಟಿದ ಮೇಲೆ. ಅದು ಖಚಿತವಾದದ್ದು 1980ರಲ್ಲಿ.

ಕೊನೆಗೆ ನಿಮ್ಮ ಸರಣಿಗೇ ಒಂದು ಮುಂದುವರಿಕೆ ಕೊಡುತ್ತೇನೆ. "ಬೇರೆ ಬೇರೆ" ಅನ್ನುವ ಷರತ್ತು ತೆಗೆದುಬಿಡಿ, ಒಂದೇ ಅವಿಭಾಜ್ಯ ಮತ್ತೆ ಮತ್ತೆ ಬರಲಿ. ದೊಡ್ಡದು ಉಳಿದ ಎಲ್ಲವುಗಳ ಮೊತ್ತ ಆಗಬೇಕು, ಅಷ್ಟೇ. ಸರಣಿ ಹೀಗೆ ಬರುತ್ತದೆ: 4, 9, 25, 30, 49, 70, 84, 121, 169, 286, 289, 308… ಇದರಲ್ಲಿ ಅವಿಭಾಜ್ಯಗಳ ವರ್ಗಗಳು ತಾವಾಗಿಯೇ ಸೇರಿಕೊಳ್ಳುತ್ತವೆ, ಅವನ್ನು ಪಕ್ಕಕ್ಕಿಡಿ. 84 ನೋಡಿ: 2×2×3×7, 2+2+3 ಅಂದರೆ 7. 308 ಅಂದರೆ 2×2×7×11. ಎರಡು ಸಲ 2 ಬಂದಿದ್ದರಿಂದ ಉಳಿದೆರಡರ ಅಂತರ 4. ಮೂರು ಸಲ 2 ಬಂದರೆ ಅಂತರ 6: 2×2×2×5×11, ಅಂದರೆ 440. ಹೀಗೆ 2ರ ಸಂಖ್ಯೆ ಹೆಚ್ಚಿಸುತ್ತಾ ಹೋದರೆ ಬೇಕಾದ ಸಮ ಅಂತರಕ್ಕೆಲ್ಲ ಒಂದೊಂದು ಕುಟುಂಬ ಸಿಗುತ್ತದೆ. ನಿಮ್ಮದು ಅದರಲ್ಲಿ ಮೊದಲನೆಯ ಕುಟುಂಬ.

ಇಟಾಂಗ್ ಜಾಂಗ್ ಎಂಬ ಗಣಿತಜ್ಞರು 2013ರಲ್ಲಿ, ಏಳು ಕೋಟಿಗಿಂತ ಕಡಿಮೆ ಅಂತರದ ಅವಿಭಾಜ್ಯ ಜೋಡಿಗಳು ಅನಂತ ಎಂದು ಸಾಧಿಸಿದರು. ಜೇಮ್ಸ್ ಮೇನಾರ್ಡ್ ಹೊಸ ದಾರಿ ಹಿಡಿದು ಅದನ್ನು ಬಹಳ ಕೆಳಗೆ ತಂದರು, 2014ರಲ್ಲಿ ಹಲವರು ಕೂಡಿ ಮಾಡಿದ ಕೆಲಸದಲ್ಲಿ ಅದು 246ಕ್ಕೆ ಇಳಿಯಿತು. ನಿಮ್ಮ ಸರಣಿಯ ಮಾತಿನಲ್ಲಿ ಹೇಳುವುದಾದರೆ, ಒಂದು ಸಲ 2 ಇರುವುದರಿಂದ ಹಿಡಿದು 123 ಸಲ 2 ಇರುವುದರವರೆಗಿನ ಆ 123 ಕುಟುಂಬಗಳಲ್ಲಿ ಕನಿಷ್ಠ ಒಂದು ಅನಂತ ಅನ್ನುವುದು ಸಾಧನೆಯಾದ ಸತ್ಯ. ಅದು ಯಾವುದು ಅಂತ ಮಾತ್ರ ಇನ್ನೂ ಯಾರಿಗೂ ತೋರಿಸಲು ಆಗಿಲ್ಲ.